ಅನುಮಾನದಕ್ಕ ಬದಲಿಸಿದ ಮರ

ಯಾರು ಏನು ಹೇಳಿದರೂ ಆಕೆಯ ಮೊದಲ ಮಾತು ಒಂದೇ: "ಇನ್ನೊಂದ್ಸಲ ಹೇಳು." ಕಿವಿ ಮಂದವೇನಲ್ಲ. ಎದುರು ಮನೆಯಲ್ಲಿ ಹಾಲು ಉಕ್ಕುವ ಸದ್ದಿಗೆ ಇಲ್ಲಿಂದಲೇ "ಒಲೆ ಆರಿಸ್ರೇ" ಎಂದು ಕೂಗುವಷ್ಟು ಚುರುಕು ಕಿವಿ. ಎರಡನೆಯ ಸಲ ಹೇಳುವಾಗ ಜನ ಒಂದಾದರೂ ಶಬ್ದ ಬದಲಿಸುತ್ತಾರೆ, ಬದಲಾದ ಶಬ್ದದ ಸಂದಿಯಲ್ಲಿ ನಡೆದದ್ದೇನೆಂಬುದು ಇಣುಕುತ್ತದೆ ಎನ್ನುವುದು ಆಕೆಯ ನಂಬಿಕೆ. ಬಹುಶಃ ಆಕೆಗಿದ್ದ ಒಂದೇ ಒಂದು ನಂಬಿಕೆ. ಎರಡನೆಯ ಸಲವೂ ಮಾತು ಹಾಗೇ ಬಂದರೆ ಇನ್ನೊಂದು ಪ್ರಶ್ನೆ ಕಾದಿರುತ್ತಿತ್ತು: "ಅಂದ್ಕೊಂಡಿದೀಯೋ, ಕಂಡಿದೀಯೋ?" ಈ ಎರಡು ಪ್ರಶ್ನೆಗಳ ದೆಸೆಯಿಂದ ಬೀದಿಯವರು ಆಕೆಗೆ ಅನುಮಾನದಕ್ಕ ಎಂದು ಹೆಸರಿಟ್ಟಿದ್ದರು. ಆ ಹೆಸರು ಆಕೆಗೂ ಗೊತ್ತಿತ್ತು. ಇಟ್ಟವರು ಯಾರೆಂದು ಮಾತ್ರ ಗೊತ್ತಿರಲಿಲ್ಲ. ಮೂವರ ಮೇಲೆ ಅನುಮಾನವಿತ್ತು, ಆ ಮೂವರಲ್ಲಿ ನಾನೂ ಒಬ್ಬಳು.

ಆಕೆಯ ಮನೆ ಮತ್ತು ಅಂಗಡಿ ಒಂದೇ ಸೂರಿನ ಕೆಳಗೆ, ನಾನು ಬಾಡಿಗೆಗಿದ್ದ ಮನೆಯಿಂದ ಎರಡು ಬಾಗಿಲು ಆಚೆ. ಬಂದೂಕು ರಿಪೇರಿಯ ಅಂಗಡಿ. ಮುಂದಿನ ಕೋಣೆ ಗಂಡನದು, ಹಿಂದಿನದು ಈಕೆಯದು. ಬೋರ್ಡಿನ ಮೇಲೆ ಗಂಡನ ಹೆಸರು, ಗೋಡೆಗೆ ತೂಗುಹಾಕಿದ ಪರವಾನಗಿಯಲ್ಲೂ ಆತನದೇ. ಕಬ್ಬಿಣದ ಕೆಲಸವೆಲ್ಲ ಆತ ಮಾಡುತ್ತಿದ್ದ, ಮರದ ಕೆಲಸವೆಲ್ಲ ಈಕೆ. ನಳಿಗೆಯನ್ನು ಹೊತ್ತು, ಬೇಟೆಗಾರನ ಭುಜಕ್ಕೂ ಕೆನ್ನೆಗೂ ಆತುಕೊಳ್ಳುವ ಬಂದೂಕಿನ ಉದ್ದ ಹಿಡಿಗೆ ಆ ಅಂಗಡಿಯಲ್ಲಿ ಬರೀ 'ಮರ' ಎನ್ನುತ್ತಿದ್ದರು. ಮರ ಸೀಳಿದೆ, ಮರ ಬದಲಿಸಬೇಕು, ಮರ ಕೂತಿಲ್ಲ. ಗಿರಾಕಿಗಳು ಬಂದೂಕನ್ನು ಮುಂದಿನ ಕೋಣೆಯಲ್ಲಿ ಕೊಟ್ಟು, ಮುಂದಿನ ಕೋಣೆಯಲ್ಲೇ ವಾಪಸು ಪಡೆದು, ಹೊಸ ಮರದ ಮೇಲೆ ಕೈಯಾಡಿಸಿ "ನಿಮ್ಮ ಕೈಯಲ್ಲಿ ಜಾದೂ ಇದೆ ಬಿಡಿ" ಎಂದು ಆತನಿಗೆ ಹೇಳಿಹೋಗುತ್ತಿದ್ದರು. ನಾನು ಭಾವ ಎಂದು ಕರೆಯುತ್ತಿದ್ದ ಆ ಮನುಷ್ಯ ಸಾಧುವೇ. ಹೊಗಳಿಕೆಯನ್ನು ಬೇಡ ಎನ್ನುತ್ತಿರಲಿಲ್ಲ, ಒಳಗೆ ದಾಟಿಸುತ್ತಲೂ ಇರಲಿಲ್ಲ; ಅದು ಕೌಂಟರಿನ ಮೇಲೆಯೇ ಒಣಗಿಹೋಗುತ್ತಿತ್ತು.

ಎರಡು ಕೋಣೆಗಳ ನಡುವೆ ಒಬ್ಬರೇ ಹಿಡಿಯುವಷ್ಟು ಇಕ್ಕಟ್ಟಾದ ಓಣಿ. ಅಲ್ಲಿ ನೀಳ ಮರದ ತುಂಡುಗಳನ್ನು ಮಗುವಿನಂತೆ ಎದೆಗೆ ಆತುಕೊಂಡು ಅಡ್ಡಡ್ಡ ನಡೆದೂ ನಡೆದೂ ಅಕ್ಕನ ನಡಿಗೆಯೇ ಹಾಗಾಗಿಬಿಟ್ಟಿತ್ತು. ಅಗಲವಾದ ಬೀದಿಯಲ್ಲೂ ಎಡಭುಜ ಮುಂದೆ ಮಾಡಿ, ಗೋಡೆಯ ಪಕ್ಕದಲ್ಲೇ, ಯಾರೋ ಎದುರಿನಿಂದ ನುಗ್ಗಿ ಬರುತ್ತಾರೆಂದು ಮೊದಲೇ ತಿಳಿದವಳಂತೆ ಹೋಗುತ್ತಿದ್ದಳು. ಬಟ್ಟೆಯ ಮೇಲೆ ಯಾವಾಗಲೂ ಗಂಡನ ಹಳೆಯ ಬೂದು ಕೋಟು. ತೋಳುಗಳನ್ನು ಎರಡು ಮಡಿಕೆ ಮಡಿಸಿ ದಾರದಿಂದ ಹೊಲಿದಿದ್ದಳು. ಬಲಜೇಬಿನಲ್ಲಿ ಮುರಿದ ಅಡುಗೆ ಚಾಕುವಿನಿಂದ ತಾನೇ ಮಾಡಿಕೊಂಡ ಒಂದು ಹೆರೆಯುವ ಅಲಗು, ಎಡಜೇಬಿನಲ್ಲಿ ಸೀಮೆಸುಣ್ಣ, ಒಳಜೇಬಿನಲ್ಲಿ ಅಡುಗೆಮನೆಯ ಬೀಗದ ಕೈ. "ಅಡುಗೆಮನೆಗೆ ಯಾಕಕ್ಕಾ ಬೀಗ?" ಎಂದು ಒಮ್ಮೆ ಕೇಳಿದ್ದೆ. "ಉಳಿ ಒರೆಸೋಕೆ ನಿಮ್ಮ ಭಾವ ಒಳ್ಳೇ ಬಟ್ಟೆ ಹುಡುಕ್ಕೊಂಡು ಬರ್ತಾನೆ" ಎಂದಳು.

ಗಂಡನ ಬಾಯಿಂದ ಬರುವ ಮಾತುಗಳಲ್ಲಿ ಆಕೆಗೆ ಎಲ್ಲಕ್ಕಿಂತ ಹೆಚ್ಚು ಅನುಮಾನವಿದ್ದದ್ದು 'ಆಯ್ತು' ಎಂಬುದರ ಮೇಲೆ. "ಗಂಡಸರು 'ಆಯ್ತು' ಅಂದಾಗ್ಲೇ ನೋಡು ಹೆಂಗಸರ ಕೆಲಸ ಶುರುವಾಗೋದು" ಎನ್ನುತ್ತಿದ್ದಳು. ಆತ ತಿರುಪು ಬಿಗಿದು 'ಆಯ್ತು' ಎಂದರೆ ಈಕೆ ತಿರುಪುಳಿ ತೆಗೆದುಕೊಂಡು ಹೋಗಿ ಕಾಲು ಸುತ್ತು ತಿರುಗಿಸಿ ನೋಡುವಳು. ಊಟ 'ಆಯ್ತು' ಎಂದರೆ ತಟ್ಟೆ ಎಲ್ಲಿದೆ ಎಂದು ನೋಡುವಳು. ಬಾಗಿಲು ಹಾಕಿದ್ದು 'ಆಯ್ತು' ಎಂದರೆ ಎದ್ದು ಹೋಗಿ ಚಿಲಕ ಅಲುಗಿಸುವಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಆತನಿಗೆ ಇದು ಅವಮಾನ ಎನಿಸುವುದು ನಿಂತುಹೋಗಿತ್ತು. "ಅವಳು ನೋಡ್ತಾಳಲ್ಲ" ಎಂಬ ಭರವಸೆಯಲ್ಲಿ ಈಗೀಗ ತಿರುಪುಗಳನ್ನು ಸಡಿಲವಾಗಿಯೇ ಬಿಡುತ್ತಾನೆ ಎನ್ನುವುದು ಆಕೆಯ ಹೊಸ ಅನುಮಾನ.

ಬಂದೂಕಿನ ಮರದ ಉದ್ದ ಹಿಡಿಯುವವರ ತೋಳಿಗೆ ತಕ್ಕಂತೆ ಇರಬೇಕು. ಮೊಣಕೈ ಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗಿನ ಅಳತೆ. ಗಿರಾಕಿಗಳು ಅಳತೆಯನ್ನು ಬಾಯಲ್ಲೇ ಹೇಳಿದರೆ ಭಾವ ಬರೆದುಕೊಳ್ಳುತ್ತಿದ್ದ. ಅಕ್ಕ ಆ ಚೀಟಿಯನ್ನು ಓದುತ್ತಲೇ ಇರಲಿಲ್ಲ. ಅಡುಗೆಮನೆಯ ಪೊರಕೆ ಹಿಡಿದು ಓಣಿಯಿಂದ ಹೊರಗೆ ಬಂದು "ಇದನ್ನ ಭುಜಕ್ಕೆ ಕೊಟ್ಟು ಹಿಡ್ಕೊಳ್ಳಿ" ಎನ್ನುತ್ತಿದ್ದಳು. ದೊಡ್ಡ ಮೀಸೆಯ, ದೊಡ್ಡ ಬೂಟಿನ ಗಂಡಸರು ಪೊರಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಗೋಡೆಯ ಕ್ಯಾಲೆಂಡರಿಗೆ ಗುರಿಯಿಟ್ಟು ನಿಂತದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಕೆ ಪೊರಕೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮಾತಿಲ್ಲದೆ ಒಳಗೆ ಹೋಗುವಳು. ಅವರು ಹೋದ ಮೇಲೆ ಹೇಳಿದ್ದು: "ಎಲ್ಲ ಗಂಡಸರೂ ತಮ್ಮ ತೋಳು ಇರೋದಕ್ಕಿಂತ ಎರಡು ಬೆರಳು ಉದ್ದ ಅಂತಲೇ ಹೇಳೋದು. ಜೀವನದಲ್ಲಿ ಪೊರಕೆ ಹಿಡಿಯೋದು ಅವತ್ತೊಂದೇ ದಿನ, ಹಿಡೀಲಿ ಬಿಡು."

ಈ ಕೆಲಸವನ್ನು ಆಕೆಗೆ ಯಾರೂ ಕಲಿಸಿದ್ದಲ್ಲ. ಮದುವೆಯಾಗಿ ಬಂದಾಗ ಮರದ ಕೆಲಸ ಮಾವನದು, ಅವರ ಕೋಣೆಯ ಕಸ ಗುಡಿಸುವುದು ಈಕೆಯದು. ಗುಡಿಸುವವಳ ಕಣ್ಣಿಗೆ ಮೇಲೆ ನಡೆಯುವ ಕೆಲಸ ಕಾಣದಿದ್ದರೂ ಕೆಳಗೆ ಬಿದ್ದದ್ದು ಕಾಣುತ್ತದೆ. ಹೆರೆದ ಚಕ್ಕೆ ರಿಬ್ಬನ್ನಿನಂತೆ ಉದ್ದಕ್ಕೆ ಬಂದ ದಿನ ಮಾವನ ಉಳಿ ಹರಿತ ಇದೆ, ಮರದ ಎಳೆ ನೇರ ಇದೆ. ಪುಡಿಪುಡಿಯಾಗಿ ಬಿದ್ದ ದಿನ ಎರಡರಲ್ಲಿ ಒಂದು ಕೆಟ್ಟಿದೆ. ಹೀಗೆ ನೆಲದಿಂದ ಮೇಲಕ್ಕೆ ಓದುತ್ತ ಓದುತ್ತ ಆರು ವರ್ಷದಲ್ಲಿ ಕೆಲಸ ತಿಳಿದುಬಿಟ್ಟಿತು. ಮಾವನ ಕಣ್ಣು ಮಂದವಾದಾಗ "ಗುಡಿಸ್ತಾ ಗುಡಿಸ್ತಾ ಸ್ವಲ್ಪ ಉಪ್ಪುಕಾಗದ ಉಜ್ಜು" ಎಂದರು, ಆಮೇಲೆ ಎಣ್ಣೆ ತಿಕ್ಕು ಎಂದರು, ಆಮೇಲೆ ಏನೂ ಹೇಳಲಿಲ್ಲ. ಕೆಲಸ ಬದಲಾದರೂ ಗುಡಿಸುವುದು ತಪ್ಪಲಿಲ್ಲ. ಮಾವನ ಚಕ್ಕೆಯನ್ನು ಗುಡಿಸಿದವಳು ಈಗ ತನ್ನ ಚಕ್ಕೆಯನ್ನು ತಾನೇ ಗುಡಿಸುತ್ತಾಳೆ, ಅಷ್ಟೇ. ಮರಕ್ಕೆ ತಿಕ್ಕಿದ ಅಗಸೆ ಎಣ್ಣೆ ಒಣಗುವ ಹೊತ್ತಿನಲ್ಲಿ ಅಡುಗೆ, ಅಡುಗೆ ಬೇಯುವ ಹೊತ್ತಿನಲ್ಲಿ ಇನ್ನೊಂದು ಮರ. ಎರಡು ಕಡೆಯೂ ಮುಚ್ಚಳ ತೆಗೆದು ನೋಡದೆ ಆಕೆ ಯಾವುದನ್ನೂ ನಂಬಿದವಳಲ್ಲ.

ಇಷ್ಟೆಲ್ಲ ನನಗೆ ಬಹಳ ಕಾಲ ಬರೀ ತಮಾಷೆಯಾಗಿತ್ತು. ನನ್ನ ಅಣ್ಣ ಅಪ್ಪನ ಬೇಟೆಯ ಬಂದೂಕನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿಕೊಂಡು ಆ ಅಂಗಡಿಗೆ ಬರುವವರೆಗೆ.

ಆ ಬಂದೂಕು ನಮ್ಮ ಮನೆಯ ಒಂದು ದೊಡ್ಡ ಕಥೆ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಒಂದು ದಿನ, ಅಪ್ಪ ಬೇಟೆಯಿಂದ ಬಂದು ಗೋಡೆಗೆ ಒರಗಿಸಿದ್ದ ಬಂದೂಕನ್ನು ಒರೆಸಲು ಹೋಗಿ ಅಮ್ಮ ಬೀಳಿಸಿದ್ದಳು. ಮರ ಎರಡು ತುಂಡಾಯಿತು. ಅಪ್ಪ ಒಂದು ಮಾತೂ ಬೈಯಲಿಲ್ಲ. "ಹೋಗ್ಲಿ ಬಿಡು, ಹೋದದ್ದು ಹೋಯ್ತು" ಎಂದು ಎರಡು ತುಂಡನ್ನೂ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದ. ಆಮೇಲೆ ಬೇಟೆಗೇ ಹೋಗಲಿಲ್ಲ. ಬಂಧುಗಳೆಲ್ಲ ಅಪ್ಪನ ದೊಡ್ಡತನವನ್ನು ಹೊಗಳಿದರು. ಬೇರೆಯವರಾಗಿದ್ದರೆ ಕಥೆಯೇ ಬೇರೆ ಎಂದರು. ಆದರೆ ಅಂದಿನಿಂದ ಮನೆಯಲ್ಲಿ ಲೋಟ ಜಾರಿದರೂ ದೀಪದ ಗಾಜು ಒಡೆದರೂ "ಬಂದೂಕಿನ ಕೈ" ಎಂಬ ಮಾತು ಹುಟ್ಟಿಕೊಂಡಿತು. ಅಪ್ಪ ಆ ಮಾತು ಆಡುತ್ತಿರಲಿಲ್ಲ, ನಗುತ್ತಿದ್ದ ಅಷ್ಟೇ. ಆಡುತ್ತಿದ್ದವರು ಅಣ್ಣ ಮತ್ತು ನಾನು. ಅಮ್ಮನ ಕೈಯಿಂದ ಬಂದೂಕು ಜಾರುವುದನ್ನು ನಾನು ಅಭಿನಯಿಸಿ ತೋರಿಸಿದರೆ ನೆಂಟರು ಹೊಟ್ಟೆ ಹಿಡಿದು ನಗುತ್ತಿದ್ದರು, ಅಮ್ಮನೂ ನಗುತ್ತಿದ್ದಳು.

ನಗುತ್ತ ನಗುತ್ತಲೇ ಆಕೆ ತನ್ನ ಕೈಗಳನ್ನು ಅನುಮಾನಿಸಲು ಶುರುಮಾಡಿದ್ದು ನಮಗೆ ಗೊತ್ತಾಗಲಿಲ್ಲ. ನೀರಿನ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದಳು. ಗಾಜಿನ ಸಾಮಾನು ಮುಟ್ಟುತ್ತಿರಲಿಲ್ಲ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಣ್ಣನಿಗೆ ಮಗಳು ಹುಟ್ಟಿ ನಾಲ್ಕು ತಿಂಗಳಾಗಿತ್ತು, ಅಮ್ಮ ಒಂದು ಸಲವೂ ಆ ಮಗುವನ್ನು ನಿಂತು ಎತ್ತಿಕೊಂಡಿರಲಿಲ್ಲ. ಮಂಚದ ನಡುವೆ ಕೂತು, ಸುತ್ತ ದಿಂಬು ಇಡಿಸಿಕೊಂಡು, "ಈಗ ಕೊಡಮ್ಮಾ" ಎನ್ನುತ್ತಿದ್ದಳು. ಅತ್ತಿಗೆ "ಎತ್ಕೊಳ್ಳಿ ಅತ್ತೆ, ಏನಾಗಲ್ಲ" ಎಂದರೂ "ಬೇಡಮ್ಮ, ನನ್ನ ಕೈ ನನಗ್ಗೊತ್ತು" ಎಂದು ಹಿಂದೆ ಸರಿಯುತ್ತಿದ್ದಳು. ಮಗು ಅತ್ತರೆ ತೊಟ್ಟಿಲ ಪಕ್ಕದಲ್ಲಿ ನಿಂತು ಯಾರನ್ನಾದರೂ ಕೂಗುತ್ತಿದ್ದಳು. ಕೈಗಳೆರಡೂ ಬೆನ್ನ ಹಿಂದೆ.

ಪರವಾನಗಿ ತನ್ನ ಹೆಸರಿಗೆ ಬಂದಮೇಲೆ ಅಣ್ಣನಿಗೆ ಅಪ್ಪನ ಬಂದೂಕಿಗೆ ಹೊಸ ಮರ ಹಾಕಿಸುವ ಹುಮ್ಮಸ್ಸು ಹತ್ತಿತು. ನಾನೂ ಜೊತೆಗೆ ಹೋದೆ. ಅಕ್ಕ ಹೊದಿಕೆ ಬಿಡಿಸಿ ನೋಡಿದಳು.

"ಏನಾಗಿತ್ತು?"

"ಅಮ್ಮ ಬೀಳಿಸಿದ್ಲು ಅಕ್ಕಾ. ಬಿದ್ದು ಮುರೀತು" ಅಂದ ಅಣ್ಣ.

"ಇನ್ನೊಂದ್ಸಲ ಹೇಳು."

"ಒರೆಸ್ತಾ ಇದ್ಲು, ಕೈ ಜಾರಿತು, ಬಿತ್ತು, ಮುರೀತು. ಇಪ್ಪತ್ನಾಲ್ಕು ವರ್ಷದ ಹಿಂದಿನ ಮಾತು."

"ಅಂದ್ಕೊಂಡಿದೀಯೋ, ಕಂಡಿದೀಯೋ?"

ಅಣ್ಣ ನಕ್ಕ. "ಕಾಣೋದೇನಕ್ಕಾ, ಇಡೀ ಊರಿಗೇ ಗೊತ್ತು."

"ಊರು ಅಲ್ಲಿ ಇತ್ತಾ?"

ಅಣ್ಣ ಭಾವನ ಮುಖ ನೋಡಿದ. ಭಾವ ಕ್ಯಾಲೆಂಡರ್ ನೋಡಿದ.

"ನಿಮ್ಮಪ್ಪ ಎಷ್ಟು ಬೈದ್ರು?" ಅಕ್ಕ ಕೇಳಿದಳು.

ಇದಕ್ಕೆ ಉತ್ತರ ಕೊಡಲು ಅಣ್ಣನಿಗೆ ಯಾವಾಗಲೂ ಹೆಮ್ಮೆ. "ಒಂದೇ ಒಂದು ಮಾತು ಬೈಲಿಲ್ಲ! ಹೋಗ್ಲಿ ಬಿಡು ಅಂದ್ರು, ಅಷ್ಟೇ. ಅಂಥಾ ಮನುಷ್ಯ."

ಅಕ್ಕ ಎರಡು ತುಂಡುಗಳನ್ನೂ ಕಂಕುಳಲ್ಲಿಟ್ಟುಕೊಂಡು ಓಣಿಯ ಕಡೆಗೆ ತಿರುಗಿದಳು. ಹೋಗುತ್ತ ಹೋಗುತ್ತ ನನಗೆ ಮಾತ್ರ ಕೇಳಿಸುವಂತೆ ಅಂದಳು: "ಉಪ್ಪು ಕಮ್ಮಿ ಆದ್ರೆ ಬೈಯದ ಗಂಡಸನ್ನ ಕಂಡಿದೀನಿ. ಮರ ಮುರಿದ್ರೆ ಬೈಯದ ಬೇಟೆಗಾರನ್ನ ಕಂಡಿಲ್ಲ."

ನನಗೆ ಸಿಟ್ಟು ಬಂತು. ಸತ್ತ ಅಪ್ಪನ ಬಗ್ಗೆ, ಅದೂ ಅವನ ಒಳ್ಳೆಯತನದ ಬಗ್ಗೆ, ಅನುಮಾನವೇ? ಈಕೆಯದು ಕಾಯಿಲೆ ಎಂದುಕೊಂಡೆ. ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ.

ಐದನೆಯ ದಿನ ಅಣ್ಣನ ಫೋನು. "ಬೇಟೆಯ ಹಂಗಾಮು ಶುರುವಾಗೋಕೆ ಮೂರೇ ವಾರ. ನಿನ್ನ ಅನುಮಾನದಕ್ಕ ಇನ್ನೂ ಹೊಸ ಮರ ಕೈಯಲ್ಲಿ ಹಿಡಿದೇ ಇಲ್ವಂತೆ. ಹೋಗಿ ಕೇಳು." ಹೋದೆ. ಅಕ್ಕ ಕಿಟಕಿಯ ಬಳಿ ಮೊಣಕಾಲ ಮೇಲೆ ಹಳೆಯ ಮುರುಕು ತುಂಡು ಇಟ್ಟುಕೊಂಡು ಕೂತಿದ್ದಳು. ಪಕ್ಕದ ಅಡುಗೆಮನೆಯ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಹೊಸ ಅಕ್ರೋಟು ಮರದ ದಿಮ್ಮಿ ಮೂಲೆಯಲ್ಲಿ ಹಾಗೇ ಇತ್ತು.

"ಹಳೇದು ಯಾಕೆ ಹೋಯ್ತು ಅಂತ ಗೊತ್ತಾಗದೆ ಹೊಸದು ಹಾಕಿದ್ರೆ ಹೊಸದೂ ಹೋಗುತ್ತೆ. ಕೂತ್ಕೋ. ನೋಡು."

ಬಂದೂಕಿನ ಮರ ಕೈ ಹಿಡಿಯುವ ಜಾಗದಲ್ಲಿ ಸಣ್ಣಗಾಗುತ್ತದೆ. ಅದಕ್ಕೆ ಕುತ್ತಿಗೆ ಎನ್ನುತ್ತಾರೆ. ಮುರಿದದ್ದು ಅಲ್ಲೇ. ಆಕೆ ಮುರಿದ ಬಾಯನ್ನು ಬೆಳಕಿಗೆ ಹಿಡಿದಳು. ಅದು ಒಂದು ಬಣ್ಣದ್ದಲ್ಲ. ಮುಕ್ಕಾಲು ಭಾಗ ಕರಿ ಎಣ್ಣೆ ಹೀರಿ ಕಪ್ಪಾಗಿತ್ತು. ಹೊರ ಅಂಚಿನ ಕಾಲು ಭಾಗ ಮಾತ್ರ ನಿನ್ನೆ ಮುರಿದಂತೆ ಬೆಳ್ಳಗೆ, ಎಳೆ ಎಳೆಯಾಗಿ ನಿಂತಿತ್ತು.

"ಇದು ಒಂದೇ ದಿನದಲ್ಲಿ ಮುರಿದದ್ದಲ್ಲ. ಈ ಕಪ್ಪು ಇದೆಯಲ್ಲ, ಇಷ್ಟು ಸೀಳು ಮೊದಲೇ ಇತ್ತು. ಬಂದೂಕಿಗೆ ಹಾಕಿದ ಎಣ್ಣೆ ವರ್ಷಗಟ್ಟಲೆ ಒಳಗೆ ಇಳಿದಿದೆ. ಈ ಬಿಳಿ ಇಷ್ಟೇ ಕೊನೇ ದಿನ ಮುರಿದದ್ದು." ಆಮೇಲೆ ಬಲಜೇಬಿನ ಅಲಗು ತೆಗೆದು ಕಪ್ಪು ಭಾಗವನ್ನು ಮೆಲ್ಲಗೆ ಕೆರೆದಳು. ಹಳದಿ ಹರಳಿನಂಥ ಏನೋ ಉದುರಿತು. "ಸರೇಸು. ಬಡಗಿಗಳು ಕುದಿಸಿ ಹಚ್ಚೋ ಅಂಟು. ಎಣ್ಣೆ ಕುಡಿದ ಮರಕ್ಕೆ ಇದು ಹಿಡಿಯಲ್ಲ ಅಂತ ಕೆಲಸ ಬಲ್ಲವನಿಗೆ ಗೊತ್ತಿರುತ್ತೆ. ಹಚ್ಚಿದವನಿಗೆ ಗೊತ್ತಿರ್ಲಿಲ್ಲ. ಬಿಳಿ ಭಾಗದಲ್ಲಿ ಒಂದು ಚುಕ್ಕೆ ಅಂಟೂ ಇಲ್ಲ. ಅಂದ್ರೆ ಅಂಟು ಹಚ್ಚಿದ್ದು ಮುರಿಯೋಕೆ ಮುಂಚೆ."

ಆಕೆ ಇನ್ನೂ ಒಂದನ್ನು ತೋರಿಸಿದಳು. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ನಳಿಗೆಯ ಬುಡದಲ್ಲಿ ಹೆಬ್ಬೆರಳು ಗಾತ್ರದ ಒಂದು ಉಕ್ಕಿನ ಗಟ್ಟಿ ಇರುತ್ತದೆ, ಅದರ ಹಿಂದೆ ಮರ ಒತ್ತಿ ಕೂತಿದ್ದರೆ ಆ ಒದೆತವನ್ನು ಮರ ಇಡಿಯಾಗಿ ತಾಳುತ್ತದೆ. ಅಪ್ಪನ ಬಂದೂಕಿನಲ್ಲಿ ಆ ಜಾಗವನ್ನು ಯಾರೋ ಒಳಗಿನಿಂದ ಕೆರೆದಿದ್ದರು. ಉಳಿಯ ಗುರುತಲ್ಲ, ಒಡ್ಡೊಡ್ಡಾಗಿ ಚಾಕುವಿನ ಗುರುತು. ಒಂದು ಉಗುರು ಹೋಗುವಷ್ಟು ಸಂದು. "ನಳಿಗೆ ಬಿಗಿಯಾಗಿದೆ ಅಂತ ಕೆರೆದಿರ್ಬೇಕು. ಆಮೇಲೆ ಹಾರಿಸಿದ ಒಂದೊಂದು ಗುಂಡಿನ ಒದೆತವೂ ಬಂದು ಬಿದ್ದದ್ದು ಕುತ್ತಿಗೆ ಮೇಲೆ."

ನನ್ನ ಅಪ್ಪ ಮನೆಯ ಸಣ್ಣಪುಟ್ಟ ರಿಪೇರಿಗಳನ್ನು ಯಾರಿಗೂ ಕೊಡುತ್ತಿರಲಿಲ್ಲ. ಎಲ್ಲವನ್ನೂ ತಾನೇ ಮಾಡಿ ಕೈ ಝಾಡಿಸಿ 'ಆಯ್ತು' ಎನ್ನುತ್ತಿದ್ದ. ಆ ಶಬ್ದ ನನ್ನ ಕಿವಿಯಲ್ಲಿ ಸದ್ದು ಮಾಡಿತು. ಆದರೂ ಸುಲಭವಾಗಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ಹಾಗಿದ್ರೂ ಅಮ್ಮ ಬೀಳಿಸಿದ್ದು ಸುಳ್ಳಲ್ವಲ್ಲ" ಎಂದೆ.

"ಅದನ್ನೂ ನೋಡ್ದೆ. ನಿಮ್ಮಮ್ಮನ್ನ ನಂಬ್ಕೊಂಡು ಕೂತಿದೀನಿ ಅಂದ್ಕೋಬೇಡ." ಹಿಂಬದಿಯ ತುಂಡಿನ ಮೂಲೆಯಲ್ಲಿ ಒಂದು ಜಜ್ಜಿದ ಗುರುತು. "ನೆಲಕ್ಕೆ ಬಿದ್ದದ್ದು ನಿಜ. ಆದ್ರೆ ಬೀಳೋಕೆ ಮುಂಚೆ ಮುರೀತೋ, ಬಿದ್ದ ಮೇಲೆ ಮುರೀತೋ, ಅದನ್ನ ಮರ ಹೇಳಲ್ಲ. ಅವತ್ತು ನಿಮ್ಮಮ್ಮ ಏನಂದ್ರು? ಸರಿಯಾಗಿ ಅದೇ ಮಾತು ಹೇಳು."

"ಬಿದ್ದು ಮುರೀತು ಅಂದ್ಲು."

"ಅಂದ್ಕೊಂಡಿದೀಯೋ, ಕೇಳಿದೀಯೋ?"

ಅಂದು ನಾನು ಶಾಲೆಯಲ್ಲಿದ್ದೆ, ಅಣ್ಣನೂ ಶಾಲೆಯಲ್ಲಿದ್ದ. ಸಂಜೆ ಬಂದಾಗ ಬಾಗಿಲಲ್ಲೇ ಅಪ್ಪ ಹೇಳಿದ್ದು: "ಸದ್ದು ಮಾಡ್ಬೇಡಿ, ಅಮ್ಮ ಬಂದೂಕು ಬೀಳಿಸ್ಕೊಂಡು ಅಳ್ತಾ ಇದಾಳೆ." ನೂರು ಸಲ ಅಭಿನಯಿಸಿ ತೋರಿಸಿದ ಆ ದೃಶ್ಯವನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಅಮ್ಮನನ್ನು ಕೇಳಿಯೂ ಇರಲಿಲ್ಲ.

ಅಕ್ಕ ಎದ್ದು ಹೋಗಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡಿದಳು. ಬೆನ್ನು ತಿರುಗಿಸಿಕೊಂಡೇ ಅಂದಳು, "ಬಂದೂಕು ತಗೊಂಡು ಹೋಗೋ ದಿನ ಅವರನ್ನೂ ಕರ್ಕೊಂಡು ಬಾ."

ಕಾರಣ ಸಿಕ್ಕಿದ ಮೇಲೆ ಆಕೆಯ ಕೈ ನಿಲ್ಲಲಿಲ್ಲ. ಹೊಸ ಮರದೊಳಗೆ ನಳಿಗೆ ಕೂರುವ ಜಾಗವನ್ನು ಕೊರೆಯುವ ಆಕೆಯ ರೀತಿಯೇ ಅನುಮಾನದ ರೀತಿ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ತೆಳ್ಳಗೆ ಕಬ್ಬಿಣದ ಮೈಗೆಲ್ಲ ಹಚ್ಚುವಳು. ಅದನ್ನು ಮರದೊಳಗೆ ಕೂರಿಸಿ, ಒತ್ತಿ, ಎತ್ತುವಳು. ಮರದಲ್ಲಿ ಎಲ್ಲಿ ಕಪ್ಪು ಮೆತ್ತಿದೆಯೋ ಅಲ್ಲಿ ಮಾತ್ರ ಕಬ್ಬಿಣ ತಾಗಿದೆ ಎಂದರ್ಥ. ಅಷ್ಟನ್ನೇ, ಕೂದಲೆಳೆಯಷ್ಟು, ಹೆರೆಯುವಳು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಎತ್ತು. ಹೀಗೆ ಒಂದು ದಿನಕ್ಕೆ ಅರವತ್ತು ಎಪ್ಪತ್ತು ಸಲ. ಕೊನೆಗೆ ಒಳಮೈಯೆಲ್ಲ ಒಂದೇ ಸಮನೆ ಕಪ್ಪಾದಾಗ ಕೆಲಸ ಮುಗಿಯಿತು. ಆದರೂ 'ಆಯ್ತು' ಎಂಬ ಮಾತನ್ನು ಆಕೆ ಆಡಲಿಲ್ಲ, ಇನ್ನೊಂದು ಸಲ ಒತ್ತಿ ನೋಡಿದಳು. ಸಂಜೆ ಆ ಮಸಿ ಕೈಗಳನ್ನು ಬೂದಿ ಹಾಕಿ ತಿಕ್ಕಿ ತೊಳೆದೇ ಅಡುಗೆಮನೆಯ ಬೀಗ ತೆಗೆಯುತ್ತಿದ್ದಳು. ಮುಂದಿನ ಕೋಣೆಯಲ್ಲಿ ಭಾವ ಅಣ್ಣನಿಗೆ ಫೋನಿನಲ್ಲಿ ಹೇಳುತ್ತಿದ್ದ: "ಮಾಡ್ತಾ ಇದೀನಪ್ಪಾ, ಇನ್ನೊಂದು ವಾರ."

ಬಂದೂಕು ತರಲು ಹೋದ ದಿನ ಅಮ್ಮ ಅಂಗಡಿಯ ಒಳಗೇ ಬರಲೊಲ್ಲಳು. ಅಂಗಡಿಯ ತುಂಬ ಬಂದೂಕುಗಳು. ಬಾಗಿಲಲ್ಲೇ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅಕ್ಕ ಪೊರಕೆಯನ್ನೂ ತರಲಿಲ್ಲ, ಉಪಚಾರವನ್ನೂ ಮಾಡಲಿಲ್ಲ. ಹಳೆಯ ತುಂಡುಗಳನ್ನು ಕೌಂಟರಿನ ಮೇಲಿಟ್ಟು ನೇರವಾಗಿ ಕೇಳಿದಳು.

"ಅಮ್ಮಾ, ಅವತ್ತು ನಿಮ್ಮ ಯಜಮಾನರಿಗೆ ನೀವು ಏನಂದ್ರಿ?"

ಅಮ್ಮ ಗಾಬರಿಯಿಂದ ನನ್ನ ಕಡೆ ನೋಡಿದಳು. "ಏನಿಲ್ಲಮ್ಮ... ಮುರಿದುಬಿತ್ತು ಅಂದೆ."

"ಇನ್ನೊಂದ್ಸಲ ಹೇಳಿ."

"ಮುರಿದುಬಿತ್ತು ಅಂದೆ."

"ಅದೇ ತಾನೆ ನಾನೂ ಹೇಳಿದ್ದು, ಬಿದ್ದು ಮುರೀತು ಅಂತ" ಎಂದ ಅಣ್ಣ.

"ಅದೇ ಅಲ್ಲ" ಅಂದಳು ಅಕ್ಕ. "ನೀನು ಹಿಂದುಮುಂದು ಮಾಡ್ತಾ ಇದೀಯ. ಅವರು ಎರಡು ಸಲಾನೂ ಒಂದೇ ಹೇಳಿದ್ರು. ಮುರಿದು, ಬಿತ್ತು. ಅಮ್ಮಾ, ಎತ್ತಿದಾಗ ಏನಾಯ್ತು?"

ಅಮ್ಮನ ಕೈಗಳು ಬೆನ್ನ ಹಿಂದಿನಿಂದ ಮುಂದೆ ಬಂದವು. ಎಡಗೈ ಗಾಳಿಯಲ್ಲಿ ನಳಿಗೆ ಹಿಡಿದಂತೆ, ಬಲಗೈ ಕುತ್ತಿಗೆ ಹಿಡಿದಂತೆ. "ಗೋಡೆಯಿಂದ ಹೀಗೆ ಎತ್ತಿದೆ. ಟಕ್ ಅಂತು. ಈ ಕೈಯಲ್ಲಿ ಒಂದು ತುಂಡು ಉಳೀತು, ಇನ್ನೊಂದು ಕೆಳಗೆ ಹೋಯ್ತು." ತನ್ನ ಎಡಗೈಯನ್ನೇ ನೋಡುತ್ತ ನಿಂತಳು. "ಒಂದು ತುಂಡು ಕೈಯಲ್ಲೇ ಇತ್ತು" ಎಂದು ಮತ್ತೆ ಹೇಳಿದಳು, ತನಗೇ ಹೊಸ ಸುದ್ದಿ ಎಂಬಂತೆ.

ಅಕ್ಕ ಮುರಿದ ಬಾಯಿ ತೋರಿಸಿದಳು. ಕಪ್ಪು, ಬಿಳಿ, ಹಳದಿ ಹರಳು. ಅಮ್ಮ ಬಗ್ಗಿ, ಮೂಸಿ, ಮುಖ ಕಿವಿಚಿದಳು.

"ಈ ವಾಸನೆ! ನನ್ನ ಹಾಲಿನ ಪಾತ್ರೆಯಲ್ಲಿ ಕುದಿಸಿದ್ರು. ತಳಕ್ಕೆ ಹತ್ತಿ, ಉಜ್ಜೋಕೆ ನನಗೆ ಎರಡು ದಿನ ಹಿಡೀತು. ಯಾಕ್ರೀ ಅಂದ್ರೆ, ಕುರ್ಚಿಗೆ ಅಂದ್ರು."

"ಯಾವ ಕುರ್ಚಿಗೆ?" ನಾನು ಕೇಳಿದೆ. ನಮ್ಮ ಮನೆಯಲ್ಲಿದ್ದ ನಾಲ್ಕೂ ಕುರ್ಚಿಗಳು ಕಬ್ಬಿಣದವು.

"ನನಗೂ ಆಗಲೇ ಅನುಮಾನ ಬಂತು" ಅಂದಳು ಅಮ್ಮ. "ಆದ್ರೆ ಅನುಮಾನ ಪಡೋಕೂ ಪುರುಸೊತ್ತು ಬೇಕಲ್ಲಮ್ಮ. ಪಾತ್ರೆ ಉಜ್ಜೋದಿತ್ತು."

ಅಣ್ಣನ ಮುಖ ಕೆಂಪಾಗಿತ್ತು. "ಅಪ್ಪ ಇಲ್ದೇ ಇರೋವಾಗ ಅಪ್ಪನ ಮೇಲೆ ಹೊರಿಸೋದು ಸುಲಭ ಅಕ್ಕಾ."

"ನಿಜ ಕಣಪ್ಪ. ಅಮ್ಮ ಇರೋವಾಗಲೇ ಅಮ್ಮನ ಮೇಲೆ ಹೊರಿಸೋದು ಇನ್ನೂ ಸುಲಭ ಇತ್ತು."

ಭಾವ ಮೊದಲ ಸಲ ಬಾಯಿ ಬಿಟ್ಟ. "ಗೊತ್ತಿದ್ದೂ ಸುಮ್ನಿದ್ರೋ, ಮರೆತಿದ್ರೋ..." ಎಂದು ಏನೋ ತೇಪೆ ಹಾಕಲು ಹೋದ. ಅಕ್ಕ ಆತನ ಕಡೆ ನೋಡಿದಳು. "ಬದುಕಿದ್ದಷ್ಟು ವರ್ಷ ಯಾವ ಅಂಗಡಿಗೂ ಯಾಕೆ ತೋರಿಸ್ಲಿಲ್ಲ ಅಂತ ಅವರನ್ನೇ ಕೇಳ್ಬೇಕಿತ್ತು. ಅವರ ಬದಲು ನಾವು ಉತ್ತರ ಹೇಳಿದ್ರೆ ಅದು ಅಂದ್ಕೊಳ್ಳೋದು ಆಗುತ್ತೆ. ನಾನು ಕಂಡದ್ದು ಇಷ್ಟು." ಎಂದು ಒಳಗೆ ಹೋಗಿ ಹೊಸ ಮರ ತೊಟ್ಟ ಬಂದೂಕನ್ನು ತಂದಳು. ಅಕ್ರೋಟಿನ ಎಳೆಗಳು ನೀರಿನ ಸುಳಿಗಳಂತೆ ಹೊಳೆಯುತ್ತಿದ್ದವು. ಅಣ್ಣ ಕೈ ಚಾಚಿದ. ಆಕೆ ಅವನಿಗೆ ಕೊಡದೆ ಕೌಂಟರ್ ಸುತ್ತಿ ಬಂದು, ಅದೇ ಅಡ್ಡ ನಡಿಗೆಯಲ್ಲಿ, ಅಮ್ಮನ ಮುಂದೆ ನಿಂತಳು.

"ಹಿಡ್ಕೊಳ್ಳಿ. ಗುಂಡಿಲ್ಲ, ಎರಡು ಸಲ ನೋಡಿದೀನಿ."

ಅಮ್ಮ ಹಿಡಿದಳು. ನಾಲ್ಕು ಕೆಜಿಗಿಂತ ಕಡಿಮೆಯಿರದ ಬಂದೂಕು. ಅಣ್ಣ ತನಗೇ ಗೊತ್ತಿಲ್ಲದೆ ಮುಂದೆ ಬಂದು ಎರಡು ಅಂಗೈಗಳನ್ನೂ ಅದರ ಕೆಳಗೆ, ಬೀಳುವ ಮಗುವನ್ನು ಹಿಡಿಯುವವನಂತೆ, ಒಡ್ಡಿದ. ನನ್ನ ಕೈಗಳೂ ಅಷ್ಟರಲ್ಲಿ ಮೇಲೆದ್ದಿದ್ದವು ಎಂಬುದನ್ನು ಇಲ್ಲಿ ಹೇಳಬೇಕು.

"ಕೈ ತೆಗೀರಿ" ಅಂದಳು ಅಕ್ಕ.

ತೆಗೆದೆವು. ಅಮ್ಮ ನಿಂತೇ ಇದ್ದಳು. ಬಂದೂಕೂ ನಿಂತೇ ಇತ್ತು. ಆಮೇಲೆ ಆಕೆ ಎಡಗೈಯನ್ನು ಬಿಟ್ಟು ಒಂದೇ ಕೈಯಲ್ಲಿ, ಕುತ್ತಿಗೆಯಲ್ಲಿ ಹಿಡಿದು, ತೂಕ ನೋಡಿದಳು. "ಹಳೇದಕ್ಕಿಂತ ಭಾರ" ಎಂದಳು.

ಹೊರಡುವಾಗ ನಾನು ಅಕ್ಕನಿಗೆ ಕೃತಜ್ಞತೆ ಹೇಳಲು ಹೋದೆ. "ನಿಮ್ಮಮ್ಮನಿಗೋಸ್ಕರ ಮಾಡ್ಲಿಲ್ಲ. ಮರಕ್ಕೋಸ್ಕರ ಮಾಡ್ದೆ" ಎಂದು ಪೊರಕೆ ತೆಗೆದುಕೊಂಡಳು. ನಾವು ನಿಂತಿದ್ದ ಜಾಗದಲ್ಲಿ ಹಳೆಯ ಸರೇಸಿನ ಪುಡಿ ಬಿದ್ದಿತ್ತು. ನಾನು ಪೊರಕೆಗೆ ಕೈ ಹಾಕಿದರೆ ಕೊಡಲಿಲ್ಲ. ನನ್ನ ಗುಡಿಸುವಿಕೆಯ ಮೇಲೂ ಆಕೆಗೆ ಭರವಸೆ ಇರಲಿಲ್ಲ.

ಅಣ್ಣ ದಾರಿಯುದ್ದಕ್ಕೂ "ಇರಬಹುದು, ಇರಬಹುದು" ಎನ್ನುತ್ತಿದ್ದ. ಇವತ್ತಿಗೂ ಅಷ್ಟೇ ಹೇಳುತ್ತಾನೆ. ಅಣ್ಣನ ಮನೆ ತಲುಪಿದಾಗ ಮಗು ಅಳುತ್ತಿತ್ತು, ಅತ್ತಿಗೆ ಸ್ನಾನಕ್ಕೆ ಹೋಗಿದ್ದಳು. ಅಣ್ಣ ಬಂದೂಕಿನ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದ. ನಾನು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಅಳು ನಿಂತಿತ್ತು. ಅಮ್ಮ ಕಿಟಕಿಯ ಬಳಿ ನಿಂತಿದ್ದಳು. ಮಗು ಆಕೆಯ ಎಡತೋಳಿನ ಮೇಲಿತ್ತು. ಬಲಗೈಯಲ್ಲಿ ಕಿಟಕಿಯ ಪರದೆ ಸರಿಸಿ ಅದಕ್ಕೆ ಬೀದಿ ತೋರಿಸುತ್ತಿದ್ದಳು. ಮಂಚದ ಮೇಲೆ ದಿಂಬುಗಳು ಗೋಡೆಗೆ ಒರಗಿದ್ದಂತೆಯೇ ಇದ್ದವು.

ಅನುಮಾನದಕ್ಕನಂಥವರನ್ನು ನಾನು ಆಮೇಲೆ ಬಹಳ ಕಡೆ ಹುಡುಕಿದ್ದೇನೆ. ಸಿಕ್ಕಿದವರು ಕಡಿಮೆ. ಮನೆಯ ಕೆಲಸ ಮಾಡುವ ಹೆಂಗಸರಿಗೆ ಅನುಮಾನ ಹೊಸದಲ್ಲ. ಹಾಲು ಒಡೆದಿದೆಯೋ, ಚಿಲಕ ಹಾಕಿದೆಯೋ, ಅಕ್ಕಿಯಲ್ಲಿ ಕಲ್ಲಿದೆಯೋ, ಮಗುವಿನ ಹಣೆ ಬಿಸಿಯಿದೆಯೋ ಎಂದು ದಿನವಿಡೀ ಮುಟ್ಟಿ ಮುಟ್ಟಿ ನೋಡುತ್ತ ಬದುಕುವವರು ಅವರು. ಏನೇ ಕೆಟ್ಟರೂ ಕೊನೆಗೆ ಉಜ್ಜಿ ತೊಳೆಯಬೇಕಾದ್ದು ತಾವೇ ಎಂದು ಬಲ್ಲವರು ಸುಲಭವಾಗಿ ಯಾವುದನ್ನೂ ನಂಬುವುದಿಲ್ಲ. ನಿಶ್ಚಿಂತೆಯಿಂದ ನಂಬುವವರು, ಬೈಯದೆ ಕ್ಷಮಿಸುವವರು, ಕೈ ಝಾಡಿಸಿ 'ಆಯ್ತು' ಎನ್ನುವವರು ಅವರ ಹಿಂದೆ ನಿಶ್ಚಿಂತೆಯಾಗಿಯೇ ಇರುತ್ತಾರೆ. ಆದರೆ ಇಷ್ಟೊಂದು ಅನುಮಾನ ಇಟ್ಟುಕೊಂಡ ಹೆಂಗಸರಲ್ಲಿ ಹೆಚ್ಚಿನವರು ಅದನ್ನು ಕೊನೆಗೆ ತಮ್ಮ ಕೈಗಳ ಮೇಲೆಯೇ ತಿರುಗಿಸಿಕೊಳ್ಳುತ್ತಾರೆ, ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ. ಎಲ್ಲೋ ಒಬ್ಬಳು ಮಾತ್ರ, ಗಂಡನ ಹಳೇ ಕೋಟು ತೊಟ್ಟು, ಆ ಅನುಮಾನವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಪ್ಪೆಷ್ಟು ಬಿಳಿಯೆಷ್ಟು ಎಂದು ನೋಡುತ್ತಾಳೆ. ಬೀದಿ ಅವಳಿಗೆ ಅಡ್ಡಹೆಸರು ಇಡುತ್ತದೆ.

ಆ ಹೆಸರನ್ನು ಇಟ್ಟದ್ದು ನಾನೇ. ಇದನ್ನು ಅಕ್ಕನಿಗೆ ಹೇಳಿದ್ದೇನೆ, ಎರಡು ಸಲ, ಒಂದು ಶಬ್ದವನ್ನೂ ಬದಲಿಸದೆ.